ಗೆಲುವಿನ ಪಾಲಯ್ಯ

ನಮ್ಮೂರಿನಲ್ಲಿ ಪಾಲಯ್ಯಂದಿರು ನಾಲ್ಕು ಜನ. ಬಾವಿಮನೆ ಪಾಲಯ್ಯ, ಲೈನ್‌ಮನ್ ಪಾಲಯ್ಯ, ಉದ್ದನೆ ಪಾಲಯ್ಯ ಮತ್ತು ಗೆಲುವಿನ ಪಾಲಯ್ಯ. ಐಮಂಗಲದಲ್ಲಿ ಬಸ್ಸಿಳಿದು ಬರೀ ಪಾಲಯ್ಯನ ಮನೆ ಎಲ್ಲಿ ಎಂದು ಕೇಳಿದರೆ, “ಯಾವ ಪಾಲಯ್ಯ, ಗೆಲುವಿನೋನಾ?” ಎಂದು ತಿರುಗಿ ಕೇಳುತ್ತಾರೆ. ನಾನು ಹೇಳಹೊರಟಿರುವುದು ಅವನ ಕಥೆ. ನಾಲ್ಕನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತು ಓದಿದೆವು. ಆಮೇಲೆ ಅವನು ಕುರಿಗಳ ಹಿಂದೆ ಹೋದ, ನಾನು ಕನ್ನಡ ಮೇಷ್ಟ್ರಾದೆ. ಈಗಲೂ ದಾರಿಯಲ್ಲಿ ಸಿಕ್ಕರೆ, “ಮೇಷ್ಟ್ರೇ, ಪಾಠ ಒಪ್ಪಿಸ್ಲಾ?” ಎಂದು ಕೈಕಟ್ಟಿ ನಿಂತು ತಮಾಷೆ ಮಾಡುತ್ತಾನೆ.

ಗೆಲುವು ಎಂದರೆ ಏನು ಎಂದು ಮಕ್ಕಳನ್ನು ಕೇಳಿದರೆ, ಎಲೆಕ್ಷನ್ನು, ಕ್ರಿಕೆಟ್ಟು ಎನ್ನುತ್ತಾರೆ. ತಪ್ಪಲ್ಲ. ಆದರೆ ನಮ್ಮ ಕಡೆ ಆ ಮಾತಿಗೆ ಬೇರೆಯೇ ಬಳಕೆ ಇದೆ. ನಾಟಿ ಮಾಡಿದ ಟೊಮೆಟೊ ಸಸಿ ಎರಡು ದಿನ ತಲೆ ಬಗ್ಗಿಸಿಕೊಂಡಿದ್ದು ಆಮೇಲೆ ನೆಟ್ಟಗಾದರೆ ‘ಸಸಿ ಗೆಲುವಾಯ್ತು’ ಎನ್ನುತ್ತೇವೆ. ಜ್ವರ ಬಿಟ್ಟ ಮಗು ಆಡಲು ಹೊರಗೆ ಓಡಿದರೆ ಮಗು ಗೆಲುವಾಯ್ತು. ಮದುವೆಯಾದ ಹೆಣ್ಣುಮಗಳು ಮೊದಲ ಸಲ ತವರಿಗೆ ಬಂದಾಗ ಓಣಿಯ ಹೆಂಗಸರು ಅವಳ ಸೀರೆ ನೋಡುವ ಮೊದಲು ಮುಖ ನೋಡುತ್ತಾರೆ. ‘ಗೆಲುವಾಗಿದಾಳೆ’ ಎಂದರೆ ಆ ಮನೆಯ ಬಗ್ಗೆ ಇನ್ನೇನೂ ಕೇಳುವುದಿಲ್ಲ. ‘ಯಾಕೋ ಗೆಲುವಿಲ್ಲ’ ಎಂದರೆ ಅವಳ ತಾಯಿಗೆ ಅವತ್ತು ಊಟ ಸೇರುವುದಿಲ್ಲ.

ಪಾಲಯ್ಯ ಹುಟ್ಟಿದಾಗಿನಿಂದ ಹಾಗೆಯೇ ಇದ್ದನಂತೆ. ಮಳೆಯಲ್ಲಿ ನೆನೆದು ಬಂದರೂ ನಗು, ಕುರಿ ಕಳೆದುಹೋದರೂ ನಗು. ಕುರಿ ಸಂತೆಯಲ್ಲಿ ಅವನು ಟಗರಿನ ಹಲ್ಲು ನೋಡುವ ಮೊದಲು ಸ್ವಲ್ಪ ದೂರ ನಿಂತು ಅದರ ಕಣ್ಣು, ಕಿವಿ, ನಿಂತ ರೀತಿ ನೋಡುತ್ತಿದ್ದ. “ಕುಶಿ ಬೇರೆ, ಗೆಲುವು ಬೇರೆ ಮೇಷ್ಟ್ರೇ. ಕುಶಿಗೆ ಏನಾದ್ರೂ ಕಾರಣ ಬೇಕು. ಗೆಲುವಿಗೆ ಏನೂ ಬ್ಯಾಡ, ಉಸಿರಿದ್ರೆ ಸಾಕು” ಎಂದು ಒಮ್ಮೆ ನನಗೇ ಪಾಠ ಹೇಳಿದ್ದ.

ಅವನ ಗೆಲುವಿನ ಬಗ್ಗೆ ದೂರಿದ್ದವರು ಊರಿನಲ್ಲಿ ಇಬ್ಬರೇ. ಒಬ್ಬಳು ಹೆಂಡತಿ ಬರಗೇರಮ್ಮ. “ನಿಮ್ಮ ಸ್ನೇಹಿತರಿಗೆ ಕಾಲು ಮುರಿದ್ರೂ ಗೊತ್ತಾಗೋದಿಲ್ಲ. ಏನು ಕೇಳಿದ್ರೂ ಗೆಲುವಾಗಿದೀನಿ, ಗೆಲುವಾಗಿದೀನಿ. ಇವರಿಗೆ ಏನಾಗೈತೆ ಅಂತ ನಾನು ಯಾರನ್ನ ಕೇಳ್ಲಿ?” ಎಂದು ಆಕೆ ನನ್ನೆದುರಿಗೇ ಬೈಯುತ್ತಿದ್ದಳು. ಇನ್ನೊಬ್ಬ ಅವನ ಅಣ್ಣ ತಿಮ್ಮರಾಯಪ್ಪ. ಅವನು ಬಾಯಿಬಿಟ್ಟು ದೂರಿದವನಲ್ಲ. ತಮ್ಮ ಜಗಲಿಯ ಮೇಲೆ ಕೂತು ನಾಲ್ಕು ಜನರನ್ನು ನಗಿಸುತ್ತಿದ್ದರೆ ಇವನು ಎದ್ದು ಹೊಲದ ಕಡೆ ಹೋಗುತ್ತಿದ್ದ, ಅಷ್ಟೇ. ಅಣ್ಣನಿಗೆ ಹೊಲ, ತಮ್ಮನಿಗೆ ಕುರಿ ಎಂದು ಅಪ್ಪ ಇದ್ದಾಗಲೇ ಪಾಲಾಗಿತ್ತು. ಮನೆಗಳು ಅಕ್ಕಪಕ್ಕ, ಮಧ್ಯೆ ಒಂದೇ ಗೋಡೆ.

ಕಳೆದ ವರ್ಷ ಶೇಂಗಾ ಕಿತ್ತು ಹೊಲಗಳು ಖಾಲಿಯಾದ ಕಾಲ. ಗೊಬ್ಬರಕ್ಕೆಂದು ತಿಮ್ಮರಾಯಪ್ಪನ ಹೊಲದಲ್ಲಿ ಪಾಲಯ್ಯ ಕುರಿ ತರುಬಿದ್ದ. ಸುತ್ತ ಬಲೆ ಕಟ್ಟಿ, ಪಕ್ಕದಲ್ಲಿ ಕಂಬಳಿ ಹಾಸಿ, ಎಂದಿನಂತೆ ನೆಲದ ಮೇಲೆಯೇ ಮಲಗಿದ್ದ. ಬೆಳಗಾಗುತ್ತಲೇ ಕುರಿಗಳನ್ನು ಪರಮೇಶನಿಗೆ ಒಪ್ಪಿಸಿ ಮನೆಗೆ ಬಂದ. ಪರಮೇಶ ತಿಮ್ಮರಾಯಪ್ಪನ ಮಗ, ಮೂವತ್ತರ ಆಸುಪಾಸು, ಸ್ವಂತ ಲಗೇಜ್ ಆಟೋ ಓಡಿಸುತ್ತಾನೆ.

ಬಂದವನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ.

“ಏನಾಯ್ತು?” ಎಂದಳು ಬರಗೇರಮ್ಮ.

“ಏನಿಲ್ಲ. ನೀನು ಕಟ್ಟಿ ಕಳಿಸಿದ ಮುದ್ದೆ ಇನ್ನೂ ಒಳಗೆ ಕುಂತೈತೆ. ಕಲ್ಲು ತಿರುವಿ ಕೊಟ್ಯೇನೋ” ಎಂದು ನಕ್ಕ.

ಆಕೆ ಬಿಸಿನೀರು ಕೊಟ್ಟಳು. ಕುಡಿಯಲು ಹೋದವನಿಗೆ ಗಂಟಲಲ್ಲಿ ಇಳಿಯಲಿಲ್ಲ, ಗಲ್ಲದ ಮೇಲೆ ಸುರಿಯಿತು. ಹಿತ್ತಲಿಗೆ ಎದ್ದು ಹೋಗಿ ವಾಂತಿ ಮಾಡಿಕೊಂಡ. ಹಿಂತಿರುಗಿ ಬಂದಾಗ, “ಗೆಲುವಾಗಿದೀನಿ, ಸ್ವಲ್ಪ ನಿದ್ದೆ ಬಂದಂಗಾಗ್ತೈತೆ” ಎಂದ. ಆ ಮಾತು ನಾಲಿಗೆ ದಪ್ಪಗಾದವನ ಮಾತಿನಂತೆ ಕೇಳಿಸಿತು. ಬರಗೇರಮ್ಮ ಹತ್ತಿರ ಬಂದು ಮುಖ ನೋಡಿದಳು. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಆಕೆಯ ಗಾಬರಿ ಕಂಡು ಅವನು ಸಮಾಧಾನ ಮಾಡಲೆಂದು ನಗಲು ಹೋದ. ತುಟಿ ಮೇಲೇಳಲಿಲ್ಲ.

“ಮೂವತ್ತು ವರ್ಷ ಆ ನಗು ನೋಡೀನಿ. ಅದು ನಗು ಆಗಿರ್ಲಿಲ್ಲ” ಎಂದು ಆಮೇಲೆ ಆಕೆ ನನಗೆ ಹೇಳಿದಳು.

ಕೂಗಿಗೆ ಪಕ್ಕದ ಮನೆಯಿಂದ ತಿಮ್ಮರಾಯಪ್ಪ ಬಂದ. ತಮ್ಮನನ್ನು ನೋಡಿದ. “ಗ್ಯಾಸು ಕಣಮ್ಮ. ಖಾಲಿ ಹೊಟ್ಟೇಲಿ ಶೇಂಗಾ ತಿಂದಿರ್ತಾನೆ. ಒಂದು ಸೋಡಾ ಕುಡಿಸು, ಮಲಗ್ಲಿ.”

“ನೀರೇ ಇಳೀತಿಲ್ಲ ಭಾವ, ಸೋಡಾ ಎಲ್ಲಿ ಇಳೀತೈತೆ? ಪರಮೇಶಂಗೆ ಫೋನ್ ಮಾಡ್ರಿ. ಆಟೋ ತರಕ್ಕೆ ಹೇಳ್ರಿ.”

“ಆತನೇ ಗೆಲುವಾಗಿದೀನಿ ಅಂತಾನೆ...”

“ಆ ಮಾತು ಕೇಳ್ಬ್ಯಾಡ್ರಿ!” ಎಂದು ಆಕೆ ಕಿರುಚಿದಳು. ಭಾವನ ಮುಂದೆ ಆಕೆ ದನಿ ಏರಿಸಿದ್ದು ಅದೇ ಮೊದಲು. ತಿಮ್ಮರಾಯಪ್ಪ ಫೋನ್ ತೆಗೆದ.

ಹೆದ್ದಾರಿಯ ಪಕ್ಕದ ಸರ್ಕಾರಿ ಆಸ್ಪತ್ರೆಗೆ ಮುಟ್ಟುವ ಹೊತ್ತಿಗೆ ಪಾಲಯ್ಯನ ಕತ್ತು ನಿಲ್ಲುತ್ತಿರಲಿಲ್ಲ. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ರೆಪ್ಪೆ ಎತ್ತಿ ನೋಡಿದವರೇ, “ರಾತ್ರಿ ಎಲ್ಲಿ ಮಲಗಿದ್ರು?” ಎಂದು ಕೇಳಿದರು.

“ಹೊಲದಾಗೆ ಸಾರ್, ಕುರಿ ಹತ್ರ.”

“ನೆಲದ ಮೇಲಾ?”

“ಹೂಂ.”

ಮೈಯೆಲ್ಲ ಹುಡುಕಿದರು. ಮೊಣಕೈಯ ಹಿಂದೆ ಸೊಳ್ಳೆ ಕಚ್ಚಿದಷ್ಟು ಸಣ್ಣ ಗುರುತು. ಊತವಿಲ್ಲ, ರಕ್ತವಿಲ್ಲ. ಕಟ್ಟುಹಾವು ಕಚ್ಚಿರಬೇಕು, ಅದು ಕಚ್ಚಿದ್ದು ಎಷ್ಟೋ ಸಲ ಮಲಗಿದವರಿಗೆ ತಿಳಿಯುವುದೂ ಇಲ್ಲ ಎಂದರು. ವಿಷಕ್ಕೆ ಇಂಜೆಕ್ಷನ್ ಶುರು ಮಾಡಿ ಚಿತ್ರದುರ್ಗಕ್ಕೆ ಆಂಬುಲೆನ್ಸ್ ಹತ್ತಿಸಿದರು. ಹೆದ್ದಾರಿಯಲ್ಲಿ ಅರ್ಧ ದಾರಿಗೆ ಉಸಿರು ಕಟ್ಟತೊಡಗಿತು. ಜೊತೆಗಿದ್ದ ಆರೋಗ್ಯ ಸಿಬ್ಬಂದಿ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಒತ್ತಿ, ರಬ್ಬರ್ ಚೀಲ ಹಿಸುಕಿ ಹಿಸುಕಿ ಗಾಳಿ ತುಂಬಿದ. ಬರಗೇರಮ್ಮ ಗಂಡನ ಕಾಲು ಹಿಡಿದು ಕೂತಿದ್ದಳು. ಎದುರಿನ ಲಾರಿಗಳು ದಾರಿ ಬಿಟ್ಟರೆ ಡ್ರೈವರ್‌ಗಳಿಗೆ ಕೈಮುಗಿಯುತ್ತಿದ್ದಳಂತೆ, ಅವರಿಗೆ ಕಾಣುವುದಿಲ್ಲ ಎಂಬುದು ಗೊತ್ತಿದ್ದರೂ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಮಷಿನ್‌ಗೆ ಹಾಕಿದರು. ಸಂಜೆಯ ಹೊತ್ತಿಗೆ ಪಾಲಯ್ಯನ ಮೈಯಲ್ಲಿ ಆಡುವ ಭಾಗ ಒಂದೂ ಉಳಿದಿರಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕದಲಲಿಲ್ಲ. ತೆರೆದ ಕಣ್ಣು ಒಣಗಬಾರದೆಂದು ರೆಪ್ಪೆ ಮುಚ್ಚಿ ಮೇಲೆ ಪಟ್ಟಿ ಅಂಟಿಸಿದರು.

ಡಾಕ್ಟರ್ ಶಾಲಿನಿ ಎಂಬವರು ಮನೆಯವರನ್ನು ಕರೆದು ಕೂಡಿಸಿ ಹೇಳಿದರು. ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶ ನಿಲ್ಲಿಸಿದೆ. ಉಸಿರಾಡಿಸುವ ಸ್ನಾಯುವೂ ನಿಂತಿದೆ, ಅದಕ್ಕೇ ಮಷಿನ್. ಹೃದಯ ಚೆನ್ನಾಗಿದೆ. ನಿಧಾನವಾಗಿ ಎಲ್ಲ ಹಿಂದಕ್ಕೆ ಬರಬಹುದು, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು. “ಅವರು ಅಲ್ಲಾಡದೇ ಇದ್ರೂ ನಾವು ಮಾತಾಡೋದು ಕೇಳಿಸ್ತಿರಬಹುದು. ಹತ್ತಿರ ಹೋದಾಗ ಮಾತಾಡ್ಸಿ” ಎಂದರು.

ಬರಗೇರಮ್ಮ ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಿಮ್ಮರಾಯಪ್ಪನಿಗೆ ಅದು ಡಾಕ್ಟರು ಹೇಳುವ ಸಮಾಧಾನದ ಮಾತಾಗಿ ಕಂಡಿತು.

ಆಮೇಲಿನ ದಿನಗಳನ್ನು ಆ ವಾರ್ಡಿನ ಹೊರಗೆ ಕಳೆದವರೇ ಬಲ್ಲರು. ನಾನೂ ಎರಡು ಸಲ ಹೋಗಿ ಬಂದೆ. ಉದ್ದನೆಯ ಕಾರಿಡಾರು, ಗೋಡೆಗೆ ಒರಗಿದ ಚೀಲಗಳು, ನೀರಿನ ಬಾಟಲಿಗಳು. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಎದ್ದು ನಿಲ್ಲುವುದು, ಯಾರ ಹೆಸರೂ ಕೂಗದಿದ್ದರೆ ಮತ್ತೆ ಕೂರುವುದು. ಹೊಳಲ್ಕೆರೆಯಲ್ಲಿದ್ದ ಮಗಳು ಮೋನಿಕಾ ಹಸಿ ಬಾಣಂತಿ. ಅವಳಿಗೆ ವಿಷಯ ತಿಳಿಸಬಾರದೆಂದು ಎಲ್ಲರೂ ಒಪ್ಪಿದ್ದರು. ಒಂದು ಮಧ್ಯಾಹ್ನ ಬರಗೇರಮ್ಮ ಒಳಗೆ ಗಂಡನ ಪಕ್ಕ ನಿಂತಿದ್ದಾಗಲೇ ಸೆರಗಿನಲ್ಲಿದ್ದ ಫೋನ್ ಹೊಡೆದುಕೊಂಡಿತು. ಎತ್ತದಿದ್ದರೆ ಮಗಳಿಗೆ ಅನುಮಾನ ಬರುತ್ತದೆ.

“ಅಪ್ಪ ಯಾಕೆ ಫೋನ್ ಎತ್ತಲ್ಲಮ್ಮ? ಮಗೂನ ನೋಡಕ್ಕೆ ಬರ್ತೀನಿ ಅಂದಿತ್ತು.”

“ಕುರಿ ಹೊಡ್ಕಂಡು ಹೊಸದುರ್ಗದ ಕಡೆ ಹೋಗೈತೆ ಕಣವ್ವ. ಮತ್ತೋಡಿನ ಆಚೆ ಸಿಗ್ನಲ್ ಇಲ್ವಂತೆ.”

“ಹುಷಾರಾಗೈತಾ?”

ಬರಗೇರಮ್ಮ ಕಣ್ಣಿಗೆ ಪಟ್ಟಿ ಹಾಕಿದ ಮುಖವನ್ನು ನೋಡಿದಳು. “ಗೆಲುವಾಗೈತೆ” ಎಂದಳು.

ನರ್ಸ್ ಅನುಸೂಯ ಫೋನ್ ತಂದದ್ದಕ್ಕೆ ಬೈಯಲು ಬಂದವರು ಆ ಮಾತು ಕೇಳಿ ಸುಮ್ಮನೆ ಹಿಂದಕ್ಕೆ ಸರಿದರು.

ಇದೆಲ್ಲ ಪಾಲಯ್ಯನಿಗೆ ಕೇಳಿಸುತ್ತಿತ್ತು.

ಅದನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಔಷಧಿಯಲ್ಲಿ ಕೆಲವೊಮ್ಮೆ ಮುಳುಗಿಹೋಗುತ್ತಿದ್ದನಂತೆ. ಮತ್ತೆ ತೇಲಿದಾಗ ಕತ್ತಲು, ಗಂಟಲಲ್ಲಿ ಕೊಳವೆ, ಪಕ್ಕದಲ್ಲಿ ಮಷಿನ್ನಿನ ಸದ್ದು. ಮೂಗಿನ ಮೇಲೆ ನೊಣ ಕೂತರೆ ಅದು ಎದ್ದು ಹೋಗುವವರೆಗೂ ಕಾಯಬೇಕು. ಕಾಲ ಬಳಿಯ ಹೊದಿಕೆಯ ಮಡಿಕೆ ಒತ್ತುವುದು ತಿಳಿಯುತ್ತಿತ್ತು, ಸರಿಸಲು ಆಗುತ್ತಿರಲಿಲ್ಲ. “ಒಳಗೆ ಕೂಗ್ತಿದ್ದೆ ಮೇಷ್ಟ್ರೇ. ಇದೀನಿ, ಇದೀನಿ ಅಂತ. ಉಸಿರಿದ್ರೆ ಗೆಲುವು ಇರ್ತೈತೆ ಅಂದಿದ್ನಲ್ಲ, ಉಸಿರೂ ನಂದಲ್ಲ ಆವಾಗ. ಗೆಲುವು ಒಂದು ಚೂರೂ ಇರ್ಲಿಲ್ಲ. ಬರೀ ಹೆದರಿಕೆ.”

ಒಂದು ದಿನ ಕಾರಿಡಾರಿನಲ್ಲಿ ಬೇರೆ ರೋಗಿಯ ಕಡೆಯವನೊಬ್ಬ ತಿಮ್ಮರಾಯಪ್ಪನ ಪಕ್ಕ ಕೂತು, “ಕಣ್ಣಿನ ಪಾಪೆ ಆಡದೇ ಇದ್ರೆ ಮುಗೀತು ಯಜಮಾನ್ರೇ. ಮಷಿನ್ ಆಡಿಸ್ತಾ ಐತೆ ಅಷ್ಟೇ. ನಮ್ಮ ಮಾವಂಗೂ ಹಿಂಗೇ ಆಗಿತ್ತು” ಎಂದ. ಆ ಮಾವನಿಗೆ ತಲೆಗೆ ಪೆಟ್ಟಾಗಿತ್ತೋ ಇನ್ನೇನಾಗಿತ್ತೋ ತಿಮ್ಮರಾಯಪ್ಪ ಕೇಳಲಿಲ್ಲ. ಊರಿಗೆ ಫೋನ್ ಮಾಡಿದ. ಮಾರನೆಯ ದಿನ ಹಿರಿಯರು ಮೂವರು ಬಂದರು. ಜೀವ ಇದ್ದಾಗಲೇ ಊರ ಮಣ್ಣು ಮುಟ್ಟಿಸಬೇಕು, ಎಲ್ಲೋ ಗಾಜಿನ ಕೋಣೆಯಲ್ಲಿ ಬಿಡಬಾರದು ಎಂಬ ಮಾತಾಯಿತು.

ಆ ಸಂಜೆ ತಿಮ್ಮರಾಯಪ್ಪ ಒಬ್ಬನೇ ತಮ್ಮನ ಹತ್ತಿರ ಹೋದ. ಅದುವರೆಗೆ ಬಾಗಿಲಲ್ಲಿ ನಿಂತು ನೋಡಿ ಹಿಂದಕ್ಕೆ ಬರುತ್ತಿದ್ದವನು, ಅವತ್ತು ಸ್ಟೂಲು ಎಳೆದುಕೊಂಡು ಕೂತ. ಸತ್ತವನ ಮುಂದೆ ಕೂತಂತೆ ಕೂತು, ಸತ್ತವನೊಂದಿಗೆ ಆಡುವಂತೆಯೇ ಮಾತಾಡಿದ.

“ಪಾಲಾ, ನಾಳೆ ಬೆಳಿಗ್ಗೆ ಮನೆಗೆ ಹೋಗಾಣ. ಇಲ್ಲಿ ಸಾಕು ನಿಂಗೆ.” ಸ್ಟೂಲನ್ನು ಇನ್ನೂ ಹತ್ತಿರ ಎಳೆದು ಮತ್ತೆ ಶುರು ಮಾಡಿದ. “ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು ಕಣೋ. ಯಾರಿಗೂ ಹೇಳಿಲ್ಲ. ಅಪ್ಪ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ತೋರಿಸ್ತಿದ್ದ, ನನ್ನ ಗೆಲುವಯ್ಯ ಅಂತ. ನನ್ನ ಕೈಗೆ ನೇಗಿಲ ಮೇಳಿ ಕೊಟ್ಟ. ನಾನು ನಗ್ತಿದ್ನೋ ಅಳ್ತಿದ್ನೋ ಯಾರು ನೋಡಿದ್ರು? ನೀನು ನಗ್ತಾ ಇದ್ರೆ ನನಗೇ ಅಂದಂಗಾಗ್ತಿತ್ತು, ನಿನ್ನ ಬಾಳು ನೋಡು ಅಂತ. ಒಂದೊಂದು ದಿನ ಇವನ ನಗು ಒಂದ್ಸಲ ನಿಲ್ಲಬಾರ್ದಾ ಅಂದ್ಕೊಂಡಿದೀನಿ. ನಿಂತೇ ಹೋಯ್ತಲ್ಲೋ.”

ಪಾಲಯ್ಯ ಕೇಳುತ್ತ ಮಲಗಿದ್ದ. ನಾಳೆ ಬೆಳಿಗ್ಗೆ ಕೊಳವೆ ತೆಗೆದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಡಾಕ್ಟರ್ ಶಾಲಿನಿ ಅವನ ತಲೆಯ ಹತ್ತಿರವೇ ನಿಂತು ಅದನ್ನು ಎಷ್ಟೋ ಸಲ ಹೇಳಿದ್ದರು.

ಹೊರಗೆ ಕಾರಿಡಾರಿನಲ್ಲಿ ಬರಗೇರಮ್ಮ ಬಾಗಿಲಿಗೆ ಅಡ್ಡ ಕೂತಿದ್ದಳು. ಹಿರಿಯರು ನಯವಾಗಿ ಹೇಳಿದರು, ಆಮೇಲೆ ಗದರಿದರು. ಪರಮೇಶ ಚಿಕ್ಕಮ್ಮನ ಪಕ್ಕ ತಲೆತಗ್ಗಿಸಿ ನಿಂತಿದ್ದ.

“ನಿಂಗೆ ಅರ್ಥ ಆಗ್ತಿಲ್ಲಮ್ಮ. ಆತ ಇಲ್ಲ” ಎಂದ ತಿಮ್ಮರಾಯಪ್ಪ.

“ಇದಾರೆ ಅಂತ ಡಾಕ್ಟ್ರಮ್ಮ ಹೇಳ್ತಾರೆ.”

“ಅವರು ಹಂಗೇ ಹೇಳ್ತಾರೆ.”

“ನೀವು ಒಂದ್ಸಲನಾದ್ರೂ ಅವರ ಕೈ ಮುಟ್ಟಿ ನೋಡಿದ್ರಾ ಭಾವ? ಬೆಚ್ಚಗೈತೆ. ನೀವು ಮುಖ ನೋಡ್ತಾ ಇದೀರ. ಎಲ್ಲಾರೂ ಅವರ ಮುಖಾನೇ ನೋಡಿದ್ದು. ನಗು ಕಂಡ್ರೆ ಇದಾನೆ, ಕಾಣ್ದಿದ್ರೆ ಸತ್ತ ಅಂದ್ರೆ ಹೆಂಗೆ?”

ಶಾಲಿನಿ ಡಾಕ್ಟರು ಮತ್ತೊಮ್ಮೆ ಬಂದು ತಿಳಿಯಹೇಳಿದರು. ಕರೆದುಕೊಂಡು ಹೋದರೆ ದಾರಿಯಲ್ಲೇ ಉಸಿರು ನಿಲ್ಲುತ್ತದೆ ಎಂದು ಸ್ಪಷ್ಟವಾಗಿ ಅಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬೆಳಿಗ್ಗೆಯವರೆಗೆ ನೋಡುವುದು, ಆಗಲೂ ಹೀಗೇ ಇದ್ದರೆ ಮನೆಗೆ ಎಂದಾಯಿತು. “ಬೆಳಿಗ್ಗೆಗೂ ನಾನು ಇಲ್ಲೇ ಕೂತಿರ್ತೀನಿ. ನನ್ನ ದಾಟ್ಕೊಂಡು ಹೋಗ್ರಿ” ಎಂದಳು ಬರಗೇರಮ್ಮ.

ಆ ರಾತ್ರಿ ಪಾಲಯ್ಯ ಏನು ಮಾಡಿದ ಎಂಬುದನ್ನು ಅವನ ಮಾತಿನಲ್ಲೇ ಹೇಳಬೇಕು. “ಎಲ್ಲ ಕಡೆ ಹುಡುಕ್ದೆ. ಕೈ ಬೆರಳು ಇಲ್ಲ, ನಾಲಿಗೆ ಇಲ್ಲ, ಕಣ್ಣು ಇಲ್ಲ. ಎಡಗಾಲ ಹೆಬ್ಬೆಟ್ಟಿಗೆ ಬಟ್ಟೆ ಒತ್ತೋದು ಗೊತ್ತಾಗ್ತಿತ್ತು. ಅಲ್ಲೇ ಹಿಡ್ಕಂಡೆ. ಸುಸ್ತಾಗಿ ನಿದ್ದೆ ಬರ್ತಿತ್ತು, ಎದ್ದು ಮತ್ತೆ ಅಲ್ಲಿಗೇ ಹೋಗ್ತಿದ್ದೆ. ಗುಂಡಿಗೆ ಬಿದ್ದ ಕುರಿ ಎಳೆಯೋವಾಗ ಮೊದ್ಲು ಅಲುಗಾಡೋದಿಲ್ಲ, ಹಂಗೇ ಎಳೀತಾ ಇರ್ಬೇಕು, ಅಷ್ಟೇ.”

ಬೆಳಗಾಯಿತು. ಮೈ ಒರೆಸಲು ಅನುಸೂಯ ಬಂದರು. ಅವರಿಗೆ ಒಂದು ಅಭ್ಯಾಸ, ಪ್ರತಿ ಕೆಲಸಕ್ಕೂ ಮೊದಲು ಹೇಳುವುದು. “ಅಣ್ಣಾ, ಈಗ ಕೈ ಒರೆಸ್ತೀನಿ. ಅಣ್ಣಾ, ಈಗ ಕಾಲು.” ಹೊದಿಕೆ ಸರಿಸಿ ಎಡಗಾಲಿಗೆ ಒದ್ದೆ ಬಟ್ಟೆ ಇಟ್ಟರು. ಏನೋ ಕಂಡಂತಾಗಿ ಕೈ ತೆಗೆದರು. ನೋಡುತ್ತ ನಿಂತರು. ಏನೂ ಇಲ್ಲ. ಬಟ್ಟೆ ಹಿಂಡಿ ಮತ್ತೆ ಬಗ್ಗಿದರು.

“ಅಣ್ಣಾ, ನೀವೇ ಆಡಿಸಿದ್ರಾ? ಇನ್ನೊಂದ್ಸಲ ಆಡಿಸಿ.”

ಹೆಬ್ಬೆರಳು ಒಂದು ಕೂದಲೆಳೆಯಷ್ಟು ಒಳಗೆ ಬಾಗಿತು.

ಅನುಸೂಯ ಕೂಗಲಿಲ್ಲ. ಬಾಗಿಲಿಗೆ ಹೋಗಿ ಡಾಕ್ಟರನ್ನು ಕರೆಸಿದರು. ಶಾಲಿನಿ ಬಂದು ಪಾಲಯ್ಯನ ಕಿವಿಯ ಹತ್ತಿರ ಬಗ್ಗಿ, “ಪಾಲಯ್ಯ, ನಿಮ್ಮ ಹೆಂಡ್ತಿ ಹೆಸರು ಅನುಸೂಯಾನಾ? ಹೌದಾದ್ರೆ ಆಡಿಸಿ” ಎಂದರು. ಬೆರಳು ಆಡಲಿಲ್ಲ. “ಬರಗೇರಮ್ಮನಾ?” ಬೆರಳು ಆಡಿತು. ಹೊರಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದು ಅದನ್ನೇ ತೋರಿಸಿದರು. ಹಿರಿಯರೊಬ್ಬರು ಕೈಮುಗಿದು ಅಲ್ಲೇ ಕುಸಿದು ಕೂತರು. ಬರಗೇರಮ್ಮ ಆ ಪಾದವನ್ನು ಎರಡು ಕೈಯಲ್ಲಿ ಹಿಡಿದು ಬಿಡಲೇ ಇಲ್ಲ, ನರ್ಸು ಬಿಡಿಸಬೇಕಾಯಿತು. ತಿಮ್ಮರಾಯಪ್ಪ ಕೊನೆಗೆ ಬಂದವನು ಬೆರಳು ನೋಡಿದ, ತಮ್ಮನ ಕಿವಿ ನೋಡಿದ. ಯಾರಿಗೂ ಹೇಳದೆ ಮೆಟ್ಟಿಲಿಳಿದು ಬಸ್ ಹತ್ತಿ ಊರಿಗೆ ಬಂದುಬಿಟ್ಟ.

ಅಲ್ಲಿಂದ ನಿಧಾನವಾಗಿ ಒಂದೊಂದೇ ಹಿಂದಕ್ಕೆ ಬಂತು. ಬೆರಳು, ಮಣಿಕಟ್ಟು, ರೆಪ್ಪೆ, ಕೊನೆಗೆ ಉಸಿರು. ಕೊಳವೆ ತೆಗೆದ ಮೇಲೆ ಎರಡು ದಿನ ದನಿಯೇ ಹೊರಡಲಿಲ್ಲ. ಊರಿಗೆ ಕರೆತಂದಾಗ ಅರ್ಧ ಊರು ಜಗಲಿಯ ಮುಂದೆ ನಿಂತಿತ್ತು. ಬಾವಿಮನೆ ಪಾಲಯ್ಯ, “ಏನಪ್ಪ, ಗೆಲುವಾಗಿದೀಯಾ?” ಎಂದು ಎಂದಿನಂತೆ ಕೇಳಿದ.

ಎಲ್ಲರೂ ನಗಲು ಸಿದ್ಧರಾಗಿ ನಿಂತಿದ್ದರು. ಪಾಲಯ್ಯ ನಗಲಿಲ್ಲ. “ಇಲ್ಲ. ಇನ್ನೂ ಆಗಿಲ್ಲ” ಎಂದ.

ಬರಗೇರಮ್ಮ ಗಂಡನ ಕಡೆ ತಿರುಗಿ, “ಎಲ್ಲಿ ನೋಯ್ತೈತೆ?” ಎಂದು ಕೇಳಿದಳು. ಬಲಗಣ್ಣು ಮಂಜು, ಮೊಣಕಾಲು ನಡುಕ, ಕಣ್ಣು ಮುಚ್ಚಿದರೆ ಭಯ ಎಂದು ಅವನು ಹೇಳಿದ. ಆಕೆ ಒಂದೊಂದಕ್ಕೂ ಹೂಂಗುಟ್ಟುತ್ತ ಕೇಳಿಸಿಕೊಂಡಳು.

ತಿಮ್ಮರಾಯಪ್ಪ ಮಾತ್ರ ಆ ಮನೆಯೊಳಗೆ ಕಾಲಿಡಲಿಲ್ಲ. ಹಾಲು ಕಳಿಸುತ್ತಿದ್ದ, ತರಕಾರಿ ಕಳಿಸುತ್ತಿದ್ದ. ತಮ್ಮನ ಕುರಿಗಳನ್ನು ತಾನೇ ಹೊಡೆದುಕೊಂಡು ಹೋಗುತ್ತಿದ್ದ. ಬೆಳಕು ಮೂಡುವ ಮೊದಲೇ ಹೋದರೆ ಮಬ್ಬಾದ ಮೇಲೆ ಬರುವುದು. ಕುರಿ ಕಾಯ್ದು ಅಭ್ಯಾಸವಿಲ್ಲದವನು, ಅವು ಚೆದುರಿದರೆ ಓಡಿ ಓಡಿ ದಣಿಯುತ್ತಿದ್ದ. ಗೋಡೆಯ ಈಚೆ ಮಲಗಿದ ಪಾಲಯ್ಯನಿಗೆ ಆಚೆ ಅಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ಕೇಳಿದ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಮುಂಚಿನಂತೆ ನಗುತ್ತ ಇದ್ದುಬಿಡಬಹುದಿತ್ತು. ಬರಗೇರಮ್ಮನಿಗೂ ಹೇಳಿರಲಿಲ್ಲ. ನನಗೆ ಹೇಳಿದ ದಿನ, “ಏನು ಮಾಡ್ಲಿ ಮೇಷ್ಟ್ರೇ?” ಎಂದು ಕೇಳಿದ. “ನಡೆಯೋಕಾದಾಗ ಹೋಗಿ ಮಾತಾಡು” ಎಂದೆ.

ಒಂದು ಮಧ್ಯಾಹ್ನ ಕೋಲೂರಿಕೊಂಡು ಹೊರಟ. ಜೊತೆಗೆ ನನ್ನನ್ನು ಕರೆದ. ದಾರಿಯಲ್ಲಿ ಮೂರು ಕಡೆ ಕೂತು ಎದ್ದೆವು. ಹೊಂಗೆ ಮರದ ನೆರಳಿನಲ್ಲಿ ಕುರಿಗಳು ಮಲಗಿ ಮೆಲುಕು ಹಾಕುತ್ತಿದ್ದವು. ತಿಮ್ಮರಾಯಪ್ಪ ನಮ್ಮನ್ನು ಕಂಡು ಎದ್ದು ನಿಂತ, ಅತ್ತಿತ್ತ ನೋಡಿದ. ಹೋಗಲು ಎಲ್ಲೂ ಇರಲಿಲ್ಲ.

“ಬಿಸ್ಲಾಗೆ ಯಾಕೆ ಬಂದೆ? ಕುಂತ್ಕ” ಎಂದ.

ಪಾಲಯ್ಯ ಕೂರಲಿಲ್ಲ. “ಅಣ್ಣಾ, ಆಸ್ಪತ್ರೇಲಿ ನೀನು ಹೇಳಿದ್ದು ನಂಗೆ ಕೇಳಿಸ್ತು.”

ತಿಮ್ಮರಾಯಪ್ಪನ ಕೈ ಮರದ ಬೊಡ್ಡೆ ಹಿಡಿಯಿತು. “ಏನೇನು ಕೇಳಿಸ್ತು?”

“ಎಲ್ಲ.”

ನಾನು ದೂರ ಹೋಗಿ ನಿಲ್ಲಲೇ ಎಂದು ನೋಡಿದೆ, ಪಾಲಯ್ಯ ಕಣ್ಣಲ್ಲೇ ಬೇಡವೆಂದ.

“ನಿನ್ನ ಮನೆಗೆ ತರಬೇಕು ಅಂದಿದ್ದು... ಸಾಯಿಸ್ಬೇಕು ಅಂತ ಅಲ್ಲ ಕಣೋ” ಎಂದ ತಿಮ್ಮರಾಯಪ್ಪ. “ಹಂಗೆ ಮಲಗಿರೋದು ನೋಡಕ್ಕಾಗ್ಲಿಲ್ಲ.”

“ಗೊತ್ತು. ಆದ್ರೆ ತಂದಿದ್ರೆ ಸಾಯ್ತಿದ್ದೆ.”

“ಹೂಂ.”

“ಆ ಇನ್ನೊಂದು ಮಾತು, ಅಪ್ಪಂದು. ಅದು ಸುಳ್ಳಲ್ಲ ಅಣ್ಣ. ನಾನೂ ನೋಡಿರ್ಲಿಲ್ಲ. ನಾನು ನಗಿಸ್ತಾ ಕೂತಿದ್ದಾಗ ನೀನು ಹೊಲಕ್ಕೆ ಹೋಗ್ತಿದ್ದೆ. ಇವನಿಗೆ ನಗೋದು ಗೊತ್ತಿಲ್ಲ ಅಂದ್ಕಂಡಿದ್ದೆ. ಚಿಕ್ಕೋರಾಗಿದ್ದಾಗಿಂದ ಎಷ್ಟು ಬೇಸಾಯ, ಎಷ್ಟು ಕಳೆ ಕೀಳೋದು, ಎಲ್ಲ ನಿಂದೇ. ಅದ್ಕೇ ನಾನು ಗೆಲುವಾಗಿರ್ತಿದ್ದೆ ಅಂತ ಅಲ್ಲಿ ಮಲಗಿದ್ದಾಗ ತಿಳೀತು.”

ತಿಮ್ಮರಾಯಪ್ಪ ಟವೆಲ್ ಮುಖಕ್ಕೆ ಒತ್ತಿಕೊಂಡ. ಸುಧಾರಿಸಿಕೊಂಡು ಕೇಳಿದ, “ಸಿಟ್ಟು ಐತೇನೋ?”

ಹಳೆಯ ಪಾಲಯ್ಯನಾಗಿದ್ದರೆ ‘ಏನಿಲ್ಲ ಬಿಡಣ್ಣ’ ಎಂದು ಹೆಗಲು ತಟ್ಟುತ್ತಿದ್ದ. “ಐತೆ. ಇವತ್ತು ಐತೆ. ನಾಳೆ ಗೊತ್ತಿಲ್ಲ” ಎಂದ. ಆಮೇಲೆ ಅಣ್ಣನ ತೋಳು ಹಿಡಿದು ನಿಧಾನವಾಗಿ ಕೆಳಗೆ ಕೂತ. “ಮೋನಿಕಾ ಮಗೀಗೆ ಹೆಸರಿಡೋದು ಬರೋ ಸೋಮವಾರ. ನೀನು ಬರ್ಬೇಕು. ಬರ್ಲಿಲ್ಲ ಅಂದ್ರೆ ಆ ಸಿಟ್ಟು ಬೇರೆ.”

“ಬರ್ತೀನಿ.”

ಅಷ್ಟರಲ್ಲಿ ಒಂದು ಕುರಿಮರಿ ಗುಂಪು ಬಿಟ್ಟು ಬೇರೆಯವರ ಈರುಳ್ಳಿ ಹೊಲದ ಕಡೆ ಓಡಿತು. ಪಾಲಯ್ಯ ಏಳಲು ಹೋಗಿ ಆಗದೆ ಕೂತ. ತಿಮ್ಮರಾಯಪ್ಪ ಟವೆಲ್ ಹೆಗಲಿಗೆಸೆದು ಅದರ ಹಿಂದೆ ಓಡಿದ. ಮರಿ ಎಡಕ್ಕೆ ತಿರುಗಿದರೆ ಅವನು ಬಲಕ್ಕೆ ಹೋದ. “ಹಿಂದೆ ಓಡ್ಬ್ಯಾಡ ಅಣ್ಣ, ಮುಂದಕ್ಕೆ ಹೋಗಿ ಅಡ್ಡ ನಿಂತ್ಕ!” ಎಂದು ಪಾಲಯ್ಯ ಕೂತಲ್ಲಿಂದಲೇ ಕೂಗಿದ. ದನಿ ಒಡೆದು ಕೆಮ್ಮು ಬಂತು.

ಈಗ ಕುರಿ ಇಬ್ಬರಿಗೂ, ಹೊಲವೂ ಇಬ್ಬರಿಗೂ. ಯಾರೂ ಕೂತು ಪಂಚಾಯ್ತಿ ಮಾಡಿದ್ದಲ್ಲ, ಹಾಗೇ ಆಗಿಹೋಯಿತು. ಹೊಲದಲ್ಲಿ ಕುರಿ ತರುಬಿದರೆ ಎತ್ತರದ ಎರಡು ಮಂಚ ಹೋಗುತ್ತವೆ, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುತ್ತಾರೆ. ಪಾಲಯ್ಯನ ಬಲಗಣ್ಣು ಪೂರ್ತಿ ಸರಿಹೋಗಿಲ್ಲ. ಕೆಲವು ದಿನ ಅಣ್ಣತಮ್ಮಂದಿರು ಒಂದು ಮಾತೂ ಆಡದೆ ಸಂಜೆಯವರೆಗೆ ಕುರಿ ಮೇಯಿಸುತ್ತಾರಂತೆ. ಇನ್ನು ಕೆಲವು ದಿನ ದೂರದಿಂದಲೇ ನಗು ಕೇಳಿಸುತ್ತದೆ. ಮೊನ್ನೆ ನಾನು ಆ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬರುವಾಗ ಜೋರಾಗಿ ಯಾರೋ ನಕ್ಕರು. ಪಾಲಯ್ಯನಿರಬೇಕೆಂದು ತಿರುಗಿ ನೋಡಿದೆ. ಪಾಲಯ್ಯ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಂಚದ ಮೇಲೆ ಅಂಗಾತ ಮಲಗಿದ್ದ. ನಗುತ್ತಿದ್ದವನು ತಿಮ್ಮರಾಯಪ್ಪ.